ಮೆಟ್ಟಿಲು ಒಣಗುವ ಹೊತ್ತು

ಒಂಬತ್ತಕ್ಕೆ ಅರ್ಧ ಶಟರ್ ಎಳೆದು
ಗಲ್ಲಾ ಲೆಕ್ಕ ಒಪ್ಪಿಸಿ
ಬೀಗ ಜಡಿಯುವಾಗ ಒಂಬತ್ತೂವರೆ.
ಆಮೇಲೆ ಒಂದು ಕೆಲಸ ಉಳಿದಿರುತ್ತದೆ ನನಗೆ:
ಮೆಟ್ಟಿಲಿಗೆ ಒಂದು ಬಕೆಟ್ ನೀರು.

ತೊಳೆಯುವುದಕ್ಕಲ್ಲ.
ತೊಳೆಯುವುದು ಬೆಳಗ್ಗೆ, ರಂಗೋಲಿಗೆ ಮುಂಚೆ.
ಇದು ಯಾರೂ ಮಲಗದಿರಲಿ ಎಂದು.
ಪಕ್ಕದ ಪಾತ್ರೆ ಅಂಗಡಿಯವರು ಡಾಂಬರು ಬಳಿದಿದ್ದಾರೆ,
ಎದುರಿನವರು ಕಬ್ಬಿಣದ ಮೊಳೆ ನೆಡಿಸಿದ್ದಾರೆ.
"ನಾವು ಅಷ್ಟು ಕಟುಕರಲ್ಲಪ್ಪ," ಎನ್ನುತ್ತಾರೆ ಸಾಹುಕಾರರು,
"ನೀರು ತಾನೆ, ಒಣಗುತ್ತೆ."

ಹಾಲಮ್ಮ ಆಚೆ ಕಂಬದ ಕೆಳಗೆ ನಿಂತಿರುತ್ತಾಳೆ
ಗಂಟು ಬಗಲಲ್ಲಿ,
ಬಸ್ಸಿಗೆ ಕಾಯುವವರ ಹಾಗೆ.

ಹಗಲು ಆಕೆ ಮಂಡಕ್ಕಿ ಭಟ್ಟಿಯಲ್ಲಿ ಉಸುಕು ಜರಡಿ ಹಿಡಿಯುತ್ತಾಳೆ.
ರೆಪ್ಪೆಯ ತುದಿಯಲ್ಲೂ ಬೂದಿ.
ಮದುವೆ ಜವಳಿಗೆ ಬಂದವರು
ಮೂಲೆಯ ಗಂಟು ಕಂಡು ನೆರಿಗೆ ಎತ್ತಿ ದಾಟುತ್ತಾರೆ.
ಕೈಕಾಲು ಗಟ್ಟಿ ಅದಾವಲ್ಲ, ದುಡಿಯಾಕೇನು ರೋಗ?
(ಅವರ ಕೈಯಲ್ಲಿ ಪೊಟ್ಟಣ, ಖಾರ ಮಂಡಕ್ಕಿ.)
ಇಂಥವರ ಗಂಟು ಬಿಚ್ಚಿದರೆ ಲಕ್ಷ ಇರುತ್ತಂತ್ರೀ,
ಯಾವುದೋ ಊರಲ್ಲಿ ಸಿಕ್ಕಿತಂತೆ.
ನಾನು ಸೀರೆ ಹರಡುತ್ತ ಹೌದ್ರಿ ಎಂದಿದ್ದೇನೆ.
ಮೂರು ಸಲವಾದರೂ ಎಂದಿದ್ದೇನೆ.

ಗಂಟಿನಲ್ಲಿ ಏನಿದೆ, ನನಗೆ ಗೊತ್ತು.
ಒಂದು ಸ್ಟೀಲ್ ತಟ್ಟೆ, ಬಿರಡೆಯಿಲ್ಲದ ಎಣ್ಣೆ ಬಾಟಲಿ,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ರೇಷನ್ ಕಾರ್ಡು.
ಕಾರ್ಡಿನಲ್ಲಿರುವ ಮನೆ ರಸ್ತೆ ಅಗಲವಾದಾಗ ಹೋಯಿತು,
ಈಗ ಅಲ್ಲಿ ಡಿವೈಡರು, ಕಣಗಿಲೆ ಗಿಡ.
"ನೋಡು, ನಮ್ಮ ಅಡಿಗೆಮನೀಗೆ ನೀರು ಬಿಡಾಕತ್ಯಾರ,"
ಟ್ಯಾಂಕರ್ ಬಂದಾಗ ನಗುತ್ತಾಳೆ.

ಏಪ್ರಿಲ್ಲಿನಲ್ಲಿ ಕಲ್ಲು ರಾತ್ರಿಯೂ ಹೆಂಚು.
ಆಗ ಆಕೆಯೇ ಹತ್ತಿರ ಬಂದು
"ಇನ್ನೊಂದು ಬಕೀಟು ಹಾಕಪಾ, ಭಾಳ ಕಾದೈತಿ" ಎಂದಳು.
ಹಾಕಿದೆ.
ಸಾಹುಕಾರರು ಕ್ಯಾಮೆರಾದಲ್ಲಿ ನೋಡಿ
ಮರುದಿನ ನನ್ನನ್ನು ಮೆಚ್ಚಿದರು.

ಡಿಸೆಂಬರ್ ಬೇರೆ.
ಬಕೆಟ್ ಹಿಡಿದು ನಿಂತೇ ಇದ್ದೆ
ಕ್ಯಾಮೆರಾದ ಕೆಂಪು ಚುಕ್ಕಿ ನೋಡುತ್ತ.
ಆಕೆ ಬಂದಳು, ಬಕೆಟ್ ಇಸಿದುಕೊಂಡಳು,
ತಾನೇ ಸುರಿದಳು
ಮೂಲೆ ಮೂಲೆಗೂ, ನೇಮದಿಂದ, ಮನೆ ಸಾರಿಸುವವಳ ಹಾಗೆ.
"ನಿನ್ನ ಕೆಲಸ ಹೋದ್ರ ಇನ್ನೊಬ್ಬ ಬರ್ತಾನ.
ಅವ ಎರಡು ಬಕೀಟು ಹಾಕ್ತಾನ."
ಸೆರಗಿಗೆ ಕೈ ಒರೆಸಿಕೊಂಡು ಮತ್ತೆ:
"ಮೊದಲು ನೀರು ಹಾಕು, ಆಮ್ಯಾಲೆ ಲೆಕ್ಕ ಮಾಡು.
ಅರ್ಧ ತಾಸು ನನಗ ಉಳೀತೈತಿ."

ಅವತ್ತಿನಿಂದ ಒಂಬತ್ತಕ್ಕೇ ಹಾಕಿದೆ.
ನನ್ನ ಕೈಲಾದ ಧರ್ಮ ಅಷ್ಟೇ, ಅರ್ಧ ತಾಸು.

ಯಾರೋ ದೊಡ್ಡವರು ಬರುತ್ತಾರೆಂದು
ಮಂಡಿಪೇಟೆಯ ಕಂಬಗಳಿಗೆ ದೀಪದ ಸರ ಸುತ್ತಿದರು.
ಹಿಂದಿನ ರಾತ್ರಿ ವ್ಯಾನು ಬಂತು.
ನಾಯಿ ಹಿಡಿಯುವ ವ್ಯಾನಲ್ಲ. ಅಂಥದೇ.
ಹರಿಹರದ ಸೇತುವೆ ಹತ್ತಿರ ಇಳಿಸಿದರಂತೆ ಎಂದ ಟೀ ಅಂಗಡಿಯವನು.
ಅಲ್ಲ, ಆನಗೋಡಿನಾಚೆ ಹೈವೇಯಲ್ಲಿ, ಎಂದಳು ಹೂವಿನವಳು.
"ಬೀದಿ ಈಗ ಬೀದಿ ಥರ ಕಾಣ್ತಿದೆ," ಎಂದರು ಸಾಹುಕಾರರು.
ಭಟ್ಟಿಗೆ ಹೋಗಿ ವಿಚಾರಿಸಿದೆ.
ಹೊಸಬಳೊಬ್ಬಳು ಜರಡಿ ಹಿಡಿದಿದ್ದಳು.
ಹೆಸರು ಕೇಳಲಿಲ್ಲ.

ನೀರು ಹಾಕುವುದು ಬಿಡು ಎಂದು ಯಾರೂ ಹೇಳಿಲ್ಲ.
ಹಾಕುತ್ತೇನೆ.

ನಿನ್ನೆ ಸುರಿದು ಪಕ್ಕದಲ್ಲೇ ಕೂತೆ.
ಮೊದಲು ಅಂಚು ಬೆಳ್ಳಗಾಗುತ್ತದೆ,
ಆಮೇಲೆ ನಡುವೆ.
ಆಕೆ ತಲೆಯಿಡುತ್ತಿದ್ದ ಮೂಲೆಯಲ್ಲಿ ಒಂದು ತಗ್ಗಿದೆ,
ಅಲ್ಲಿ ಮಾತ್ರ ನೀರು ನಿಂತೇ ಇತ್ತು.
ಹನ್ನೊಂದಾಯಿತು. ಹನ್ನೊಂದೂಕಾಲು.
ಹಾಗಾದರೆ ಇಷ್ಟು ದಿನ
ಒದ್ದೆಯಲ್ಲೇ ತಲೆಯಿಟ್ಟಳೇ?

ಲಾಠಿ ಕಲ್ಲಿಗೆ ತಟ್ಟಿತು.
"ಯಾವನೋ ಅವನು, ಮನೆ ಮಠ ಇಲ್ಲೇನೋ?"
ಜೇಬಿನಿಂದ ಗೊಂಚಲು ತೆಗೆದು ತೋರಿಸಿದೆ.
"ಓ, ಅಂಗಡಿಯೋರಾ? ಕೂಡ್ರಿ ಕೂಡ್ರಿ,"
ಎಂದು ಮುಂದೆ ಹೋದ.

ಗೊಂಚಲಿನಲ್ಲಿ ಐದು ಕೀಲಿ.
ಐದೂ ಸಾಹುಕಾರರವು.