ಎರಡು ಚಮಚ

ಸಾಲಗಾಮೆ ರಸ್ತೆಯ ಹೃದಯದ ಡಾಕ್ಟರು
ಚೀಟಿಯ ಕೊನೆಯಲ್ಲಿ, ಮಾತ್ರೆಗಳ ಕೆಳಗೆ,
ಒಂದು ಎಣ್ಣೆಯ ಹೆಸರು ಬರೆದರು.
ಆಲಿವ್. ದಿನಕ್ಕೆ ಎರಡು ಚಮಚ.
ನಾನು ಚೀಟಿ ತಿರುಗಿಸಿ ನೋಡಿದೆ,
ಹಿಂದೆ ಇನ್ನೇನಾದರೂ ಇದೆಯೇ ಎಂದು.

ಗಾಣದ ಮನೆಯಲ್ಲಿ ಹುಟ್ಟಿದವಳು ನಾನು,
ಹೊಳೆನರಸೀಪುರದ ನಂಜಶೆಟ್ಟರ ಮೂರನೆಯ ಮಗಳು.
ನಮ್ಮಲ್ಲಿ ಎಣ್ಣೆಗೆ ಚಮಚ ಇರಲಿಲ್ಲ.
ಸೇರು ಇತ್ತು, ಪಾವು ಇತ್ತು, ಚಟಾಕು ಇತ್ತು,
ಅಳೆದು ಮುಗಿದ ಮೇಲೆ ಗಿರಾಕಿಯ ಮುಖ ನೋಡಿ
ಅಪ್ಪ ಸುರಿಯುತ್ತಿದ್ದ ಕೊಸರು ಇತ್ತು.
ಕಣ್ಣಿಗೆ ಬಟ್ಟೆ ಕಟ್ಟಿದ ಎತ್ತು ಸುತ್ತುತ್ತಿತ್ತು,
ಹುಚ್ಚೆಳ್ಳು ಕಿರ್ರೆಂದು ನರಳಿ ಕರಗುತ್ತಿತ್ತು.
ಎಳ್ಳು ಅರೆದ ದಿನ
ಬಿಸಿ ಹಿಂಡಿಯ ಚೂರನ್ನು ಬೆಲ್ಲದ ಜೊತೆ ಕದ್ದು
ಬಾಯಿ ಒರೆಸದೆ ಶಾಲೆಗೆ ಓಡುತ್ತಿದ್ದೆವು.
ಸ್ಲೇಟಿನ ಮೇಲೂ ಹೆಬ್ಬೆಟ್ಟಿನ ಜಿಡ್ಡು,
ಅಲ್ಲಿ ಬಳಪ ಕೂರುತ್ತಿರಲಿಲ್ಲ.
ಗಾಣದ ಕಲ್ಲು ಈಗ ಅಣ್ಣನ ಗ್ಯಾರೇಜಿನ ಮುಂದಿದೆ,
ಲಾರಿ ಟೈರು ಒರಗಿಸಲು.

ಅರ್ಧ ಲೀಟರಿಗೆ ಆರುನೂರ ನಲವತ್ತು.
ಅಂಗಡಿಯ ಹುಡುಗ ಸೀಸೆಯನ್ನು
ಕೂಸು ಕೊಟ್ಟಂತೆ ಎರಡೂ ಕೈಯಲ್ಲಿ ಕೊಟ್ಟ.
ಪಕ್ಕದ ಮನೆ ಮುಮ್ತಾಜ್ ನೋಡಿ ನಕ್ಕಳು:
"ಝೈತೂನಾ? ನಾವು ಮಕ್ಕಳ ಮೈಗೆ ತಿಕ್ಕೋದಕ್ಕಾ,
ಸಣ್ಣ ಡಬ್ಬಿ, ಮೆಡಿಕಲ್ಲಲ್ಲಿ ಸಿಗುತ್ತೆ.
ನೀವು ಒಗ್ಗರಣೆಗೆ ಹಾಕ್ತೀರಾ?"

ಹಾಕಿದೆ.
ಸಾಸಿವೆ ಸಿಡಿಯುವಷ್ಟರಲ್ಲಿ ಹೊಗೆ.
ಉಪ್ಪಿಟ್ಟಿಗೆ ಹಸಿ ಹುಲ್ಲಿನ ವಾಸನೆ.
ಇವರು ಒಂದು ತುತ್ತು ತಿಂದು, ತಟ್ಟೆ ನೋಡಿ,
"ಕೊಟ್ಟಿಗೇಲಿ ಕೂತು ತಿಂದಂಗಿದೆ ಕಣೆ" ಎಂದರು.
ಮೂವತ್ತು ವರ್ಷ ಬಸ್ಸು ಓಡಿಸಿದವರು,
ಮಂಜು ಕವಿದ ಘಾಟಿಯಲ್ಲಿ
ಹಾರ್ನು ಹೊಡೆಯುತ್ತ ಇಳಿದವರು.
ಎದೆಯೊಳಗೆ ಈಗ ಪೆನ್ನಿನ ಸ್ಪ್ರಿಂಗಿನಂಥ ಒಂದು ಸ್ಟೆಂಟು.
ಅದರ ಮಾತು ಬಂದರೆ ಮಾತ್ರ
ದನಿ ಸಣ್ಣದಾಗುತ್ತದೆ.

ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ,
ಅಪ್ಪ ಮಾಡುತ್ತಿದ್ದ ಹಾಗೆ ಮಾಡಿದೆ.
ಮುಂಗೈ ಮೇಲೆ ಒಂದು ತೊಟ್ಟು, ತಿಕ್ಕಿ, ಮೂಸಿ,
ನಾಲಿಗೆಯ ತುದಿಗೆ.
ಮೊದಲು ಏನೂ ಇಲ್ಲ. ಆಮೇಲೆ ಕಹಿ.
ಆಮೇಲೆ ಗಂಟಲಲ್ಲಿ ಯಾರೋ ಚಿವುಟಿದಂತೆ
ಕೆಮ್ಮು.
ಅಯ್ಯೋ, ನೀನಾ!
"ಹೊಸ ಎಣ್ಣೆ ಗಂಟಲಲ್ಲಿ ಒಂದ್ಸಲ ಬಾಗಿಲು ತಟ್ಟಬೇಕು,
ತಟ್ಟದೆ ಒಳಗೆ ಹೋಗೋದು ಸತ್ತ ಎಣ್ಣೆ"
ಎನ್ನುತ್ತಿದ್ದ ಅಪ್ಪ.
ಯಾವ ಊರಿನ ಗಾಣವೋ, ಯಾರ ಮನೆಯದೋ,
ತಟ್ಟಿತು.

ಅವತ್ತಿನಿಂದ ಅದನ್ನು ಕಾಯಿಸುವುದು ಬಿಟ್ಟೆ.
ಒಗ್ಗರಣೆಗೆ ಹುಚ್ಚೆಳ್ಳೆಣ್ಣೆ, ಅದೂ ಚಮಚದಲ್ಲಿ.
ಇದನ್ನು ಒಲೆ ಆರಿಸಿದ ಮೇಲೆ
ಹುರುಳಿ ಬಸ್ಸಾರಿಗೆ, ಮುದ್ದೆಯ ಗುಳಿಗೆ,
ಸೌತೆಕಾಯಿ ಕೋಸಂಬರಿಗೆ.
ಇವರು ಈಗ ಕೊಟ್ಟಿಗೆ ಎನ್ನುವುದಿಲ್ಲ.
ಏನೂ ಎನ್ನುವುದಿಲ್ಲ. ಬೆರಳು ನೆಕ್ಕುತ್ತಾರೆ.
ಮೊದಮೊದಲು ನನ್ನ ಕೈಯೇ ನಾಚುತ್ತಿತ್ತು,
ಗಾಣಿಗರ ಮಗಳು ತೊಟ್ಟು ಲೆಕ್ಕ ಹಾಕುವುದೆಂದರೆ!
ಅಪ್ಪ ಇದ್ದಿದ್ದರೆ ಕೊಸರು ಹಾಕು ಎನ್ನುತ್ತಿದ್ದ.
ಹಾಕಲಿಲ್ಲ.

ಆರು ತಿಂಗಳಿಗೆ ರಕ್ತದ ವರದಿ ಬಂತು.
ನೂರ ಎಂಬತ್ತಾರು ಇದ್ದದ್ದು ತೊಂಬತ್ತೆರಡು.
"ಮಾತ್ರೆ ಕೆಲಸ ಮಾಡಿದೆ" ಎಂದರು ಡಾಕ್ಟರು.
"ಮಹಾರಾಜ ಪಾರ್ಕಿನ ಐದು ಸುತ್ತು" ಎಂದರು ಇವರು.
ಸೀಸೆಯ ಪರವಾಗಿ ಮಾತಾಡಲು ಯಾರೂ ಇರಲಿಲ್ಲ.
ಚಮಚದ ಪರವಾಗಿಯೂ.

ನಿನ್ನೆ ಸಂಜೆ, ಅದೇ ಪಾರ್ಕಿನಿಂದ ಬಂದವರ
ಬಲಗೈ ಹಿಡಿದುಕೊಂಡೆ.
ಇಷ್ಟು ವರ್ಷದ ಮೇಲೆ ಇದೇನು ಎಂದು
ಅವರಿಗೆ ಒಳಗೊಳಗೆ ಖುಷಿ.
ಮೂಸಿದೆ.
"ತಾಳೆ ಎಣ್ಣೆ. ಮೂರು ದಿನದ್ದು.
ಮೊದಲು ಮೀನು ಕರಿದಿದ್ದಾರೆ,
ಆಮೇಲೆ ಮೆಣಸಿನಕಾಯಿ ಬಜ್ಜಿ.
ನೀವು ತಿಂದದ್ದು ಎರಡು."

ಅವರು ಅಂಗೈಯನ್ನು
ಒಂದಷ್ಟು ಹೊತ್ತು ನೋಡಿಕೊಂಡು ನಿಂತರು.

"ಮೂರು" ಎಂದರು.