ಕಿವುಡು ಮಗ್ಗಲ

ಹುಬ್ಬಳ್ಳಿ ಗುಜರಿಯಿಂದ ತಂದ ರೇಡಿಯೊ
ಹದಿನೈದು ಕೇಜಿ, ಮಾರಿ ತುಂಬ ತಿರುಪು.
ನೂರೈವತ್ತು ಕಿಲೋಹರ್ಟ್ಸಿನಿಂದ ಮೂವತ್ತು ಮೆಗಾಹರ್ಟ್ಸಿನ ತನಕ
ಎಲ್ಲಾ ಕೇಳತೈತಿ ಅಂದಿದ್ದ ಮಾರಿದಾವ.
ಕೇಳತೈತಿ ಖರೆ. ಬೆಟಗೇರಿ ಒಂದ ಕೇಳತೈತಿ.
ಎದುರು ಮನಿ ಎಲ್ಇಡಿ ಬಲ್ಬು,
ಹಿಂದಿನ ಓಣಿ ಪವರ್‌ಲೂಮು,
ಮೌಲಾಲಿ ವೆಲ್ಡಿಂಗ್ ಹಚ್ಚಿದಾಗ
ತಗಡಿನ ಮ್ಯಾಲೆ ಆಲಿಕಲ್ಲು.

ಮೋಟಾರು ಸುತ್ತೋದು ನನ್ನ ಕಸಬು.
ತಾಮ್ರಕ್ಕ ಕೊರತಿಲ್ಲ ಮನ್ಯಾಗ:
ಸುಟ್ಟ ಪಂಪಿನ ಹೊಟ್ಟಿ ಬಗದು ತಗದ ಎಳಿ,
ಇಪ್ಪತ್ತೆರಡು ಗೇಜು, ಇಪ್ಪತ್ನಾಲ್ಕು,
ಕರಕಲು ವಾರ್ನಿಶ್ ನಾತ ಇನ್ನೂ ಹೋಗಿಲ್ಲ.
ಆಂಟೆನಾ ಅಂದ್ರ ಏನು, ತಂತಿ.
ತಂತಿ ವಿಷಯ ನನಗ ಯಾರು ಹೇಳಬೇಕು?

ಮೊದಲ ಉದ್ದಂದು ಎಳದೆ.
ನೀರಿನ ಟಾಕಿಯಿಂದ ತುಳಜಾಸಾ ಅವರ ಹಿತ್ತಲ ಬೇವಿನ ತನಕ
ನೂರಾ ಹತ್ತು ಫೂಟು.
ತುದಿಗೆ ಒಡದ ಚಾದ ಕಪ್ಪಿನ ಹಿಡಿಕಿ ಕಟ್ಟಿದೆ.
ಫೆರೈಟ್ ಉಂಗುರಕ್ಕ ಮೂರೆಳಿ ಕೂಡಿಸಿ ಒಂಬತ್ತು ಸುತ್ತು.
ನೆಲಕ್ಕ ಸಳಿ ಬಡದು, ಬುಡಕ್ಕ ಒಂದು ಕೊಡ ನೀರು,
ಗಿಡಾ ಹಚ್ಚಿದಂಗ.
ಸಂಜಿಮುಂದ ಗುಂಡಿ ತಿರುವಿದರ
ಆರು ಮೆಗಾಹರ್ಟ್ಸಿನಾಗ ಧಾರವಾಡ,
ಏಳರಾಗ ಧಾರವಾಡ,
ಒಂಬತ್ತೂವರಿಗೂ ಅದ ಧಾರವಾಡ.
ಹತ್ತಿಬೀಜ ಹೆಂಗ ಉಪಚಾರ ಮಾಡಬೇಕಂತ
ಒಬ್ಬ ಪುಣ್ಯಾತ್ಮ ಹೇಳಾಕತ್ತಾನ, ಸಮಾಧಾನದಿಂದ,
ಇಡೀ ಪ್ರಪಂಚದ ಹೆಸರೀಲೆ.
ಅಷ್ಟು ದೊಡ್ಡ ಬಾಯಿ ತೆರದು ಕುಂತರ
ಮಗ್ಗಲಿದ್ದಾವನ ಮೊದಲು ತುತ್ತು ತುರುಕತಾನ.

ಆಮ್ಯಾಲೆ ಡೈಪೋಲು.
ಮೂವತ್ತೊಂದು ಮೀಟರ್ ಪಟ್ಟಿಗಂತ ಅಳತಿ ಹಿಡದು
ಎಡಕ್ಕ ಇಪ್ಪತ್ನಾಲ್ಕೂವರಿ ಫೂಟು, ಬಲಕ್ಕೂ ಅಷ್ಟ.
ಅಲ್ಲಿ ಮಾತ್ರ ಚೊಕ್ಕ ಬಂತು.
ಆಜೂಬಾಜೂ ಹೋದರ
ಒಬ್ಬಾಕಿ ಕುಪ್ಪಸ ಇನ್ನೊಬ್ಬಾಕಿ ತೋಳಿಗೆ.
ಆರನೇ ದಿನ ಒಂದು ಮಂಗ್ಯಾ ಜೋತುಬಿದ್ದು
ನನ್ನ ಲೆಕ್ಕದ ಹೊರಿ ಇಳಿಸಿತು.

ಉಳದದ್ದು ಬಳಿ.
ಕೆಟ್ಟ ಫ್ರಿಜ್ಜಿನ ತಾಮ್ರದ ಕೊಳವಿ
ಮಾರುದ್ದ ಅಗಲಕ್ಕ ಬಾಗಿಸಿ
ಅಪ್ಪನ ಕೈಮಗ್ಗದ ಕಂಬಕ್ಕ ಬಿಗದೆ.
ಇಷ್ಟ ಇದ್ದದ್ದು ಏನು ಹಿಡದೀತು ಅಂತ
ನನಗ ನಗಿ.

ಮಾಳಿಗಿ ಮ್ಯಾಲೆ ಕುಂತು
ಹೊಳ್ಳಿಸಿ ಹೊಳ್ಳಿಸಿ ನೋಡಾಕತ್ತಿದ್ದೆ, ಚಾ ಆರಿತ್ತು.
ಒಂದು ಕಡೆ ಬರೂದರಾಗ
ಬಲ್ಬಿನ ಗುಂಯ್ಯ್ ಅನ್ನೋದು
ಯಾರೋ ಕದಾ ಹಾಕಿದಂಗ ನಿಂತುಬಿಡ್ತು.
ಬಳಿಯ ಬಾಯಿ ನೆಟ್ಟಗ ಆ ಬಲ್ಬಿನ ಕಡೆಗ ಐತಿ.
ಎದುರಿಗಿದ್ದದ್ದ ಇದಕ್ಕ ಕೇಳೂದಿಲ್ಲ.

ಚಾದ ಬಸಿ ಒಯ್ಯಾಕ ಬಂದಿದ್ದ ದಾನಕ್ಕ
ನಿಂತು ನೋಡಿದಳು.
ಮೂವತ್ತೆರಡು ವರ್ಷ ಲೂಮಿನ ಮಗ್ಗಲ ನಿಂತಾಕಿ,
ಎಡಗಿವಿ ಅಲ್ಲೇ ಬಿಟ್ಟು ಬಂದಾಕಿ.
“ಮದವಿಮನ್ಯಾಗ ನಾ ಹಿಂಗ ಕೂಡತೀನಲ್ಲೋ,
ಬ್ಯಾಂಡಿನವರಿಗೆ ಸತ್ತ ಕಿವಿ ಕೊಟ್ಟು,”
ಅಂದು ಕೆಳಗ ಕುಂತಳು.

ಗದ್ದಲ ಸರದ ಜಾಗಾದಾಗ ಒಂದು ದನಿ.
ಹೆಣ್ಮಗಳು, ಯಾವ ಭಾಷಾನೋ,
ಹಡಗದವರಿಗೆ ಗಾಳಿ ಸುದ್ದಿ ಓದಾಕತ್ತಾಳೋ
ಪ್ಯಾಟಿ ದರ ಹೇಳಾಕತ್ತಾಳೋ,
ನೀರಿನ ತಳದಾಗಿನ ನಾಣ್ಯಾ ಕಂಡಂಗ
ಒಮ್ಮೆ ಹತ್ತರ, ಒಮ್ಮೆ ದೂರ.
ನಾ ಅಂಕಿ ಬರಕೊಂಡೆ: ಹನ್ನೊಂದು ಸಾವಿರದ ಆರುನೂರಾ
ಎಷ್ಟೋ. ಕೈ ನಡುಗಿತ್ತು, ಓದಾಕ ಬರವಲ್ದು.
ದಾನಕ್ಕ ಬಲಗಿವಿ ಸ್ಪೀಕರಿಗೆ ಹಚ್ಚಿ
ಬಾಳೊತ್ತು ಸುಮ್ಮನಿದ್ದಳು.
“ಪಾಪ, ನೆಗಡಿ ಆಗೇತಿ ಹುಡಿಗಿಗೆ,” ಅಂದಳು.

ಅಷ್ಟರಾಗ ಮೌಲಾಲಿ ವೆಲ್ಡಿಂಗ್ ಹಚ್ಚಿದ.
ಅವನ ಕಡೆ ಬಾಯಿ ತಿರುವಿದರ
ಬಲ್ಬು ಮತ್ತ ಗುಂಯ್ಯ್ ಅಂತೈತಿ.
ಒಂದು ಬಳಿಗೆ ಇಬ್ಬರ ಕಡೆ ಕಿವುಡಾಗಾಕ ಬರೂದಿಲ್ಲ.
ದಾನಕ್ಕ ಚಾದ ಬಸಿ ತಗೊಂಡು ಎದ್ದಳು,
“ಎಂಟಕ್ಕ ಅಂವ ಅಂಗಡಿ ಮುಚ್ಚತಾನ,
ಆಗ ಕರಿ.”