ಎಲುಬಿನ ಕಿವಿ

ಮನೆಯಲ್ಲಿ ಅಜ್ಜನಿಗೆ ಯಾರ ಮಾತೂ ಕೇಳದು.
ನೀರಲ್ಲಿ ನೆಟ್ಟ ಕಂಬಗಳ ಮೇಲಿನ ಮನೆ,
ಹಲಗೆ ಸಂದಿನಿಂದ ಕಡಲು ಇಣುಕುವ ಅಡುಗೆಮೂಲೆ;
ಅಜ್ಜಿ ಪಾತ್ರೆ ಕುಕ್ಕಿ ಕೂಗಿದರೂ
ಮರಗೆಣಸಿನ ಉಂಡೆ ಮುರಿಯುತ್ತ ಸುಮ್ಮನಿರುತ್ತಾನೆ.
ಎಡಗೈಯಲ್ಲಿ ಎರಡೇ ಬೆರಳು.
ಉಳಿದ ಮೂರರ ಲೆಕ್ಕ
ವಾಕಾಟೊಬಿಯ ಈ ಕಡಲೂರಲ್ಲಿ ಯಾರೂ ಕೇಳುವುದಿಲ್ಲ,
ಎಲ್ಲರಿಗೂ ಗೊತ್ತಲ್ಲ.

ಬಿಯರ್ ಬಾಟಲಿ, ಗೇಣೂ ಇಲ್ಲದ ಬತ್ತಿ.
ಒಂದು ಢಂ. ನೀರು ಬೆಳ್ಳಗೆ ಉಬ್ಬಿ, ಕೂತಿತು.
ಹೊಟ್ಟೆ ಮೇಲಾದ ಹಳದಿಬಾಲದ ಮೀನು ಮುನ್ನೂರು.
ಆ ವಾರ ಅಜ್ಜಿಗೆ ಹೊಸ ಸರೋಂಗು;
ಅದರದೇ ಒಂದು ಚೂರು
ಇವತ್ತಿಗೂ ನಮ್ಮ ಒಲೆಯ ಮಸಿಬಟ್ಟೆ.

ಕೆಳಗೆ, ಕೊಂಬುಹವಳದ ಕಾಡಿದ್ದಲ್ಲಿ,
ಮುರಿದ ಬೆರಳುಗಳ ರಾಶಿ.
ಅಲೆ ಎಳೆದರೆ ಅತ್ತ, ತಳ್ಳಿದರೆ ಇತ್ತ.
ಹೊರಳುವ ಕಲ್ಲಿನ ಮೇಲೆ
ಹವಳದ ಕೂಸು ಕಾಲೂರುವುದಿಲ್ಲ.

ಆದರೆ ನೀರೊಳಗೆ ಅಜ್ಜ ಕಿವುಡನಲ್ಲ.
ತಮಟೆ ಹರಿದ ಕಿವಿಯನ್ನು ಬಳಸಿ ಬಂದು
ಸದ್ದು ಅವನ ದವಡೆಯಲ್ಲಿ ಇಳಿಯುತ್ತದೆ,
ಹಲ್ಲಲ್ಲಿ, ಎದೆಗೂಡಲ್ಲಿ.
ಮರದ ಕನ್ನಡಕ ಕಟ್ಟಿ ದೋಣಿಯಂಚಿನಿಂದ ಜಾರಿದನೆಂದರೆ
ಹುಟ್ಟು ಹಿಡಿದು ಕೂತ ನಾನು ಎಣಿಸುತ್ತೇನೆ,
ಎಪ್ಪತ್ತು, ಎಂಬತ್ತು, ನೂರಾ ಹತ್ತು,
ತಪ್ಪುತ್ತದೆ, ಮತ್ತೆ ಒಂದರಿಂದ.

ಮೇಲೆ ಬಂದು ಊರಿಗೆಲ್ಲ ಕೇಳುವಂತೆ ವರದಿ:
"ಗಿಳಿಮೀನು ಕಲ್ಲು ಕಡೀತಿದೆ ಕಣೇ ರಿಸ್ನಾ,
ಹುರಿದ ಶೇಂಗಾ ಅಗಿದ ಹಾಗೆ!"
ಕಡಿದದ್ದು ಅದರ ಹೊಟ್ಟೆ ದಾಟಿ ಮರಳಾಗಿ ಉದುರುತ್ತದಂತೆ.
ಪ್ರವಾಸಿಗಳು ಬೆನ್ನು ಚಾಚಿ ಮಲಗುವ ಬಿಳಿ ದಂಡೆ
ಪೂರಾ ಮೀನಿನ ಲದ್ದಿ ಎಂದು ನಗುತ್ತಾನೆ.
ನನ್ನ ನಗು ಅವನ ಕಣ್ಣಿಗಷ್ಟೇ.

ಕಡಲಹುಲ್ಲಿನಲ್ಲಿ ಮೊಲಮೀನಿನ ಮಂದೆ.
ಅದರಾಚೆ ಬರೀ ಮರಳು ಎಂದುಕೊಂಡರೆ
ನೂರು ಹಾವುಮೀನು, ಅರ್ಧ ಮೈ ಹೊರಗೆ,
ಸೆಳೆತದತ್ತ ಮುಖ ಮಾಡಿ ಪ್ರಶ್ನೆಚಿಹ್ನೆಗಳಂತೆ ನಿಂತಿವೆ;
ನಮ್ಮ ದೋಣಿಯ ನೆರಳು ಬಿತ್ತೋ
ಒಂದೂ ಇಲ್ಲ.
ಹವಳದ ಗೋಡೆಯಲ್ಲಿ ಚಟಪಟ ಚಟಪಟ,
ಒಲೆಗೆ ಹಸಿ ಸೌದೆ ಇಟ್ಟಂತೆ, ಹಗಲೂ ರಾತ್ರಿ.

ಪುಡಿರಾಶಿಯ ಮೇಲೆ ಮಾತ್ರ ಏನೂ ಇಲ್ಲ.
"ಅಲ್ಲಿ ಇಳಿದರೆ
ಮನೆಯಲ್ಲಿ ಕೂತ ಹಾಗೇ."

ಆದರೂ ಆರು ವರ್ಷ ಅಲ್ಲೇ ದೋಣಿ ನಿಲ್ಲಿಸಿದ.
ನಡುವೆ ಯಾರೋ ಬಂದು ಕಬ್ಬಿಣದ ಚೌಕಟ್ಟು ಇಳಿಸಿದರು,
ಫೋಟೋ ತೆಗೆದರು, ಹೋದರು;
ಪಶ್ಚಿಮದ ಗಾಳಿಗೆ ಚೌಕಟ್ಟು ಮಗುಚಿತು.
ವೀಳ್ಯದೆಲೆ ತೇಲಿಬಿಟ್ಟು ಬೇಡಿಕೊಳ್ಳುವುದು ಅಜ್ಜಿಯ ಕೆಲಸ.
ಅವನು ಏನನ್ನೂ ನೆಡಲಿಲ್ಲ, ಬೇಡಲಿಲ್ಲ,
ಕೇಳಿಸಿಕೊಳ್ಳಲು ಇಳಿದ, ಅಷ್ಟೆ.

ಮೊನ್ನೆ ಸಂಜೆ, ನೀರು ತಾಮ್ರವಾಗುವ ಹೊತ್ತು,
ಮೇಲೆ ಬಂದವನು ಬಾಯಿ ಬಿಡಲಿಲ್ಲ.
ಬಲಗೈ ಎತ್ತಿ ಒಂದು ಚಿಟಿಕೆ ಹೊಡೆದು ತೋರಿಸಿದ.
ತನ್ನ ಕನ್ನಡಕ ನನಗೆ ಕಟ್ಟಿ
ತೋಳು ಹಿಡಿದು ಇಳಿಸಿದ.

ನನ್ನ ಕಿವಿ ತುಂಬ ನನ್ನದೇ ರಕ್ತದ ಸದ್ದು.
ಕಂಡದ್ದು ಇಷ್ಟು:
ಚೂರುಗಳ ನಡುವೆ ಹೆಬ್ಬೆರಳಗಲದ ಬಿಲ.
ಕಣ್ಣು ಮಂಜಾದ ಸಿಗಡಿಯೊಂದು
ಬುಲ್ಡೋಜರಿನಂತೆ ಮರಳು ತಳ್ಳುತ್ತ ಬಂತು.
ಬಾಗಿಲಲ್ಲಿ ಕಾವಲು ಕೂತ ಪುಟ್ಟ ಮೀನಿನ ಬಾಲದಿಂದ
ತನ್ನ ಮೀಸೆ ತೆಗೆಯಲೇ ಇಲ್ಲ.
ಮೀನು ಬಾಲ ಅದುರಿಸಿತು. ಇಬ್ಬರೂ ಒಳಗೆ.

ಆಮೇಲೆ, ಉಸಿರು ಮುಗಿಯುವ ಅಂಚಿನಲ್ಲಿ,
ಕಲ್ಲಚೂರಿನಡಿಯಿಂದ ನೀಲಿ-ಕಿತ್ತಳೆ ಸುರುಳಿಯ ಮೀನು
ಕಿರುಬೆರಳಷ್ಟೇ, ಜೊತೆಗಾತಿಯ ಕೆನ್ನೆಗೆ ಕೆನ್ನೆ ಒತ್ತಿ
ಮೊಳದೆತ್ತರ ಮೆಲ್ಲಗೆ ಏರಿತು;
ತುಸು ಹೊಗೆಯಂಥದ್ದು ಬಿಟ್ಟು
ಎರಡೂ ದಿಕ್ಕಾಪಾಲು.

"ಮುರಿದ ಕಲ್ಲೇ ಅದಕ್ಕೆ ಮನೆ," ಎಂದ ಅಜ್ಜ.
ಸ್ವಲ್ಪ ಹೊತ್ತು ಬಿಟ್ಟು, ಮೊದಲ ಸಲ ಮೆಲ್ಲಗೆ:
"ಅದಕ್ಕೆಂದು ನಾನು ಮುರಿದದ್ದಲ್ಲ."

ಕತ್ತಲಲ್ಲಿ ಮರಳಿದೆವು. ಮುಂದೆ ನಾನು ಹುಟ್ಟು ಹಾಕುತ್ತ,
ಹಿಂದೆ ಅವನು, ನನ್ನ ಬೆನ್ನ ಮೇಲೆ
ಆ ಎರಡು ಬೆರಳು ಊರಿ.
ತಿರುವಿನಲ್ಲಿ ದೀಪವಿಲ್ಲದ ಮೋಟಾರು ದೋಣಿ
ಹಿಂದಿನಿಂದ ಗುರುಗುಟ್ಟುತ್ತ ಬಂತು.
ನಾನು ಬೆನ್ನು ಅದುರಿಸಿದೆ.